ನೆಲ ಬಾಗುತ್ತದೆ, ಉಬ್ಬುತ್ತದೆ, ಸರಿಯುತ್ತದೆ

ಮನೆಯಲ್ಲಿ ಐದನೇ ತರಗತಿ ದಾಟಿದ ಮಕ್ಕಳಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಕೊನೆಯಲ್ಲಿ ಅವರಿಗಾಗಿ ಕೆಲವು ಲೆಕ್ಕಗಳಿವೆ.

ದೋಹಾದಲ್ಲಿ ಬಹಳ ವರ್ಷಗಳಿಂದ ಇರುವವರಿಗೆ 2013ರ ಏಪ್ರಿಲ್ ತಿಂಗಳು ನೆನಪಿರಬೇಕು. ಏಪ್ರಿಲ್ 9ರಂದು ಇರಾನಿನ ಬುಶೆಹರ್ ಪ್ರಾಂತ್ಯದಲ್ಲಿ 6.3 ಪ್ರಮಾಣದ ಭೂಕಂಪವಾಯಿತು. ಸರಿಯಾಗಿ ಒಂದು ವಾರಕ್ಕೆ, ಏಪ್ರಿಲ್ 16ರಂದು, ಇರಾನ್-ಪಾಕಿಸ್ತಾನ ಗಡಿಯ ಸರವಾನ್ ಬಳಿ 7.7 ಪ್ರಮಾಣದ ಇನ್ನೊಂದು. ಮೊದಲನೆಯದು ಇಲ್ಲಿಂದ ಸುಮಾರು 350 ಕಿ.ಮೀ. ದೂರ, ಎರಡನೆಯದು ಸುಮಾರು 1100 ಕಿ.ಮೀ. ದೂರ. ಆದರೂ ಎರಡೂ ಸಲ ದೋಹಾದಲ್ಲಿ ಅದರ ಅನುಭವವಾಯಿತು. ಎತ್ತರದ ಕಟ್ಟಡಗಳಲ್ಲಿ ಇದ್ದವರು ಮೆಟ್ಟಿಲಿಳಿದು ರಸ್ತೆಗೆ ಬಂದು ನಿಂತರು.

ಇಂಥ ಸಂದರ್ಭದಲ್ಲಿ ಮಕ್ಕಳು ಕೇಳುವ ಪ್ರಶ್ನೆಗಳು ಮುಖ್ಯವಾಗಿ ಎರಡು. ನಾವಿರುವ ಜಾಗದಲ್ಲಿ ಭೂಕಂಪ ಆಗುತ್ತದೆಯೇ? ಆಗುವುದಾದರೆ ಮೊದಲೇ ತಿಳಿಯಲು ಸಾಧ್ಯವಿಲ್ಲವೇ? ಈ ಎರಡಕ್ಕೂ ಉತ್ತರ ಹುಡುಕಬೇಕಾದರೆ ನೆಲದ ಅಲುಗಾಟವನ್ನಷ್ಟೇ ನೋಡಿದರೆ ಸಾಲದು, ನೆಲದ ಆಕಾರ ಹೇಗೆ ಬದಲಾಗುತ್ತದೆ ಎಂಬುದನ್ನು ನೋಡಬೇಕು. ಇದನ್ನೇ ವಿಜ್ಞಾನಿಗಳು ನೆಲದ ವಿರೂಪ ಎನ್ನುತ್ತಾರೆ. ಅದೇ ಇವತ್ತಿನ ಪಾಠ.

ಅಲುಗಾಟ ಬೇರೆ, ವಿರೂಪ ಬೇರೆ

ಭೂಕಂಪದ ಅಲುಗಾಟ ಅರ್ಧ ನಿಮಿಷವೋ ಒಂದು ನಿಮಿಷವೋ ಇದ್ದು ನಿಂತುಹೋಗುತ್ತದೆ. ಅಲೆ ಬಂತು, ಹೋಯಿತು. ಆದರೆ ಭೂಕಂಪದ ಕೇಂದ್ರದ ಸುತ್ತಮುತ್ತ ನೆಲ ಮೊದಲಿದ್ದ ಜಾಗಕ್ಕೆ ಮರಳಿ ಬರುವುದಿಲ್ಲ. ಒಂದು ಕಡೆ ಎರಡಡಿ ಮೇಲೆದ್ದಿರುತ್ತದೆ, ಇನ್ನೊಂದು ಕಡೆ ತಗ್ಗಿರುತ್ತದೆ, ಮತ್ತೊಂದು ಕಡೆ ಪಕ್ಕಕ್ಕೆ ಸರಿದಿರುತ್ತದೆ. ಹೀಗೆ ಶಾಶ್ವತವಾಗಿ ಉಳಿಯುವ ಬದಲಾವಣೆಯೇ ವಿರೂಪ.

ಇನ್ನೂ ಮುಖ್ಯವಾದ ಸಂಗತಿಯೊಂದಿದೆ. ವಿರೂಪ ಶುರುವಾಗುವುದು ಭೂಕಂಪದ ದಿನ ಅಲ್ಲ. ಅದು ನೂರಾರು ವರ್ಷಗಳಿಂದ, ಯಾರಿಗೂ ತಿಳಿಯದಂತೆ, ವರ್ಷಕ್ಕೆ ಕೆಲವು ಮಿಲಿಮೀಟರ್ ಲೆಕ್ಕದಲ್ಲಿ ನಡೆಯುತ್ತಲೇ ಬಂದಿರುತ್ತದೆ.

ಬಿದಿರು ಕಡ್ಡಿಯ ಪಾಠ

ಒಂದು ಬಿದಿರು ಕಡ್ಡಿ ಅಥವಾ ಪ್ಲಾಸ್ಟಿಕ್ ಸ್ಕೇಲು ತೆಗೆದುಕೊಳ್ಳಿ. ಎರಡೂ ತುದಿ ಹಿಡಿದು ನಿಧಾನವಾಗಿ ಬಗ್ಗಿಸಿ. ಬಗ್ಗುತ್ತದೆ, ಇನ್ನೂ ಬಗ್ಗುತ್ತದೆ, ಶಬ್ದವೇ ಇಲ್ಲ. ಒಂದು ಹಂತದಲ್ಲಿ ಫಟ್ ಎಂದು ಮುರಿಯುತ್ತದೆ. ಮುರಿದ ಎರಡೂ ತುಂಡುಗಳು ತಕ್ಷಣ ನೆಟ್ಟಗಾಗುತ್ತವೆ. ನೀವು ಒಂದು ನಿಮಿಷ ಹಾಕಿದ ಬಲ ಕ್ಷಣಾರ್ಧದಲ್ಲಿ ಹೊರಬಂದಿತು. ಕೈಗೆ ಚುರುಕ್ ಎಂದದ್ದೇ ಭೂಕಂಪ!

ಈ ವಿವರಣೆಯನ್ನು ಮೊದಲು ಸ್ಪಷ್ಟವಾಗಿ ಕೊಟ್ಟವರು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಹ್ಯಾರಿ ಫೀಲ್ಡಿಂಗ್ ರೀಡ್. 1906ರ ಏಪ್ರಿಲ್ 18ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದೊಡ್ಡ ಭೂಕಂಪವಾಯಿತು. ಹೊಲದ ಬೇಲಿಗಳು ನಡುವೆ ಕತ್ತರಿಸಿ, ಅರ್ಧ ಭಾಗ ಕೆಲವು ಮೀಟರ್ ಆಚೆ ಹೋಗಿ ನಿಂತಿದ್ದವು. ರೀಡ್ ಆ ಭಾಗದ ಹಳೆಯ ಸರ್ವೆ ದಾಖಲೆಗಳನ್ನು ತೆಗೆದು, ಭೂಕಂಪದ ನಂತರದ ಸರ್ವೆಯೊಂದಿಗೆ ಹೋಲಿಸಿದರು. ಭೂಕಂಪಕ್ಕೆ ಮುಂಚಿನ ಹಲವಾರು ದಶಕಗಳಲ್ಲಿ ಬಿರುಕಿನ ಎರಡು ಬದಿಯ ನೆಲ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಬಾಗುತ್ತಾ ಬಂದಿತ್ತು ಎಂಬುದು ಗೊತ್ತಾಯಿತು. ಬಾಗಿದ ನೆಲ ಒಂದು ದಿನ ಜಾರಿ ನೆಟ್ಟಗಾಯಿತು, ಅಷ್ಟೆ.

ನೆಲವನ್ನು ಹೀಗೆ ಬಗ್ಗಿಸುವವರು ಯಾರು? ಭೂಮಿಯ ಮೇಲಿನ ಗಟ್ಟಿ ಪದರ ಒಡೆದ ಮಡಕೆಯ ಚೂರುಗಳಂತೆ ಹಲವು ಫಲಕಗಳಾಗಿದೆ. ಪ್ರತಿ ಫಲಕವೂ ಚಲಿಸುತ್ತಿದೆ. ಬೆಂಗಳೂರು ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯದ ಕಡೆ ಸಾಗುತ್ತಿದೆ. ನಾವೀಗ ಇರುವ ಅರೇಬಿಯಾ ಫಲಕ ಕೆಂಪು ಸಮುದ್ರದ ಬಳಿ ಆಫ್ರಿಕಾದಿಂದ ದೂರ ಸರಿದು, ಉತ್ತರದಲ್ಲಿ ಇರಾನಿಗೆ ಒತ್ತಿಕೊಳ್ಳುತ್ತಿದೆ. ಬಹರೈನ್-ಕತಾರ್ ಇರುವ ಭಾಗದಲ್ಲಿ ಈ ಒತ್ತುವಿಕೆ ವರ್ಷಕ್ಕೆ ಸುಮಾರು 2 ಸೆಂ.ಮೀ. ನಮ್ಮ ಉಗುರು ಬೆಳೆಯುವುದಕ್ಕಿಂತಲೂ ನಿಧಾನ! ಆದರೆ ಈ ನಿಧಾನದ ಒತ್ತಡದಿಂದಲೇ ಇರಾನಿನ ಝಾಗ್ರೋಸ್ ಪರ್ವತಗಳು ತಳ್ಳಿದ ಜಮಖಾನೆಯಂತೆ ಮಡಿಕೆ ಮಡಿಕೆಯಾಗಿ ಎದ್ದಿವೆ.

ಕತಾರಿನ ನೆಲ ಈ ಘರ್ಷಣೆಯ ಅಂಚಿನಲ್ಲಿಲ್ಲ, ಫಲಕದ ಒಳಭಾಗದಲ್ಲಿದೆ. ಹಾಗಾಗಿ ಇಲ್ಲಿ ಅನುಭವಕ್ಕೆ ಬಂದಿರುವ ಕಂಪನಗಳು ಹೆಚ್ಚಾಗಿ ಸಮುದ್ರದಾಚೆ ಹುಟ್ಟಿದವು. ಇದು ಮೊದಲ ಪ್ರಶ್ನೆಗೆ ಅರ್ಧ ಉತ್ತರ. ಉಳಿದರ್ಧ ಮುಂದೆ ಬರುತ್ತದೆ.

ನಮ್ಮ ದೇಶದ ಎರಡು ಉದಾಹರಣೆ

1819ರ ಜೂನ್ 16ರಂದು ಗುಜರಾತಿನ ಕಛ್ ಪ್ರದೇಶದಲ್ಲಿ ಭಾರಿ ಭೂಕಂಪವಾಯಿತು. ಸಮತಟ್ಟಾದ ರಣ್ ಪ್ರದೇಶದಲ್ಲಿ ರಾತ್ರಿ ಬೆಳಗಾಗುವುದರೊಳಗೆ ಹತ್ತಾರು ಕಿ.ಮೀ. ಉದ್ದದ ಒಂದು ದಿಬ್ಬ ಎದ್ದು ನಿಂತಿತು, ಕೆಲವೆಡೆ ಹಲವು ಮೀಟರ್ ಎತ್ತರ. ನದಿಯ ಹಳೆಯ ಹರಿವಿಗೆ ಅದು ಅಡ್ಡವಾಯಿತು. ಯಾವ ರಾಜನೂ ಕಟ್ಟಿಸದ ಈ ಏರಿಗೆ ಜನ ಅಲ್ಲಾ ಬಂದ್, ಅಂದರೆ ದೇವರು ಕಟ್ಟಿದ ಕಟ್ಟೆ, ಎಂದು ಹೆಸರಿಟ್ಟರು. ಅದರ ದಕ್ಷಿಣಕ್ಕೆ ನೆಲ ಕುಸಿದು, ಸಿಂಧ್ರಿ ಎಂಬ ಕೋಟೆ ನೀರಿನಲ್ಲಿ ಮುಳುಗಿತು. ಒಂದೇ ಭೂಕಂಪ, ಒಂದು ಕಡೆ ಉಬ್ಬು, ಪಕ್ಕದಲ್ಲೇ ತಗ್ಗು.

ಎರಡನೆಯದು ನಮಗೆಲ್ಲ ಗೊತ್ತಿರುವ 2004ರ ಡಿಸೆಂಬರ್ 26ರ ಸುಮಾತ್ರಾ ಭೂಕಂಪ. ಪ್ರಮಾಣ 9.1. ಸುನಾಮಿಯ ಚಿತ್ರಗಳನ್ನು ನೋಡಿದ ನಮಗೆ ನೆಲಕ್ಕೇನಾಯಿತು ಎಂಬುದು ಅಷ್ಟಾಗಿ ತಿಳಿಯಲಿಲ್ಲ. ಭಾರತದ ದಕ್ಷಿಣ ತುದಿಯಾದ ಗ್ರೇಟ್ ನಿಕೋಬಾರ್ ದ್ವೀಪದ ಇಂದಿರಾ ಪಾಯಿಂಟ್ ಸುಮಾರು 4 ಮೀಟರ್ ಕುಸಿಯಿತು. ನೆಲದ ಮೇಲಿದ್ದ ದೀಪಸ್ತಂಭದ ಬುಡ ನೀರಿಗೆ ಸೇರಿತು. ಅತ್ತ ಉತ್ತರ ಅಂಡಮಾನಿನ ತೀರ ಮೇಲೆದ್ದು, ನೀರಿನಡಿ ಇದ್ದ ಹವಳದ ದಿಬ್ಬಗಳು ಬಿಸಿಲಿಗೆ ಬಿದ್ದವು. ಸಮುದ್ರದ ತಳ ಹೀಗೆ ಏಕಾಏಕಿ ಮೇಲೆದ್ದು ನೀರನ್ನು ಎತ್ತಿದ್ದರಿಂದಲೇ ಸುನಾಮಿ ಬಂದದ್ದು. ಅಂದರೆ ಆ ದಿನ ಸುನಾಮಿಗೆ ಸಿಲುಕಿದ ಲಕ್ಷಾಂತರ ಜನರ ಪ್ರಾಣ ತೆಗೆದದ್ದು ಅಲುಗಾಟವಲ್ಲ, ವಿರೂಪ.

ಜ್ವಾಲಾಮುಖಿ: ಪೂರಿ ಉಬ್ಬಿದಂತೆ

ಬಾಣಲೆಯಲ್ಲಿ ಪೂರಿ ಉಬ್ಬುವುದನ್ನು ನೋಡಿದ್ದೀರಲ್ಲ? ಒಳಗೆ ಹಬೆ ತುಂಬಿದಂತೆ ಮೇಲ್ಪದರ ಏಳುತ್ತದೆ, ಚುಚ್ಚಿದರೆ ಹಬೆ ಹೋಗಿ ತಗ್ಗುತ್ತದೆ. ಜ್ವಾಲಾಮುಖಿಯೂ ಹೆಚ್ಚುಕಡಿಮೆ ಹೀಗೆಯೇ. ಆಳದಿಂದ ಕರಗಿದ ಬಂಡೆ, ಅಂದರೆ ಶಿಲಾಪಾಕ, ಮೇಲೆ ಬಂದು ಸಂಗ್ರಹವಾದಾಗ ನೆಲ ಉಬ್ಬುತ್ತದೆ. ಅದು ಹೊರಗೆ ಉಕ್ಕಿದಾಗ ಅಥವಾ ಬೇರೆ ಕಡೆ ಹರಿದಾಗ ನೆಲ ತಗ್ಗುತ್ತದೆ.

ಜ್ವಾಲಾಮುಖಿ ಎಂದರೆ ಜಪಾನ್, ಇಟಲಿ ಎಂದುಕೊಳ್ಳಬೇಡಿ. ನಮ್ಮ ಪಕ್ಕದ ಸೌದಿ ಅರೇಬಿಯಾದ ಪಶ್ಚಿಮ ಭಾಗದಲ್ಲಿ ಹರ್ರಾತ್ ಎಂದು ಕರೆಯುವ ಕಪ್ಪು ಲಾವಾ ಬಯಲುಗಳು ಸಾಲಾಗಿವೆ. 1256ರಲ್ಲಿ ಮದೀನಾ ನಗರದ ಬಳಿಯೇ ಲಾವಾ ಹರಿದ ದಾಖಲೆ ಇದೆ. ಇತ್ತೀಚಿನ ಕಥೆ ಇನ್ನೂ ಸ್ವಾರಸ್ಯಕರ. 2009ರ ಏಪ್ರಿಲ್‌ನಿಂದ ಜೂನ್‌ವರೆಗೆ ಹರ್ರಾತ್ ಲುನಯ್ಯಿರ್ ಎಂಬಲ್ಲಿ 30,000ಕ್ಕೂ ಹೆಚ್ಚು ಚಿಕ್ಕ ದೊಡ್ಡ ಕಂಪನಗಳು ದಾಖಲಾದವು. ಮೇ 19ರಂದು 5.4 ಪ್ರಮಾಣದ್ದು ಬಂತು. ನೆಲದಲ್ಲಿ 8 ಕಿ.ಮೀ. ಉದ್ದದ ಬಿರುಕು ಬಿಟ್ಟು, ಅದರ ಒಂದು ಬದಿ ಇನ್ನೊಂದಕ್ಕಿಂತ 91 ಸೆಂ.ಮೀ.ವರೆಗೆ ಸರಿಯಿತು. ಸರ್ಕಾರ 40,000 ಜನರನ್ನು ಮನೆಗಳಿಂದ ತೆರವು ಮಾಡಿಸಿತು.

ಒಳಗೆ ಏನಾಗುತ್ತಿದೆ ಎಂದು ತಿಳಿದದ್ದು ಉಪಗ್ರಹದ ರಾಡಾರ್ ಚಿತ್ರಗಳಿಂದ. ಬಿರುಕಿನ ಎರಡು ಬದಿಗಳಲ್ಲಿ ನೆಲ ಉಬ್ಬಿ ದೂರ ಸರಿದಿತ್ತು, ನಡುವಿನ ಪಟ್ಟಿ ತಗ್ಗಿತ್ತು. ಈ ಆಕಾರವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದಾಗ, ಸುಮಾರು 10 ಕಿ.ಮೀ. ಉದ್ದಕ್ಕೆ ಶಿಲಾಪಾಕ ಗೋಡೆಯಂತೆ ನಿಂತು ಮೇಲೆ ಬರಲು ಯತ್ನಿಸಿದೆ ಎಂದು ಗೊತ್ತಾಯಿತು. ಆದರೆ ಅದು ಮೇಲ್ಮೈಗೆ ಬರಲೇ ಇಲ್ಲ. ಅಲ್ಲೇ ನಿಂತುಹೋಯಿತು, ಲಾವಾ ಉಕ್ಕಲಿಲ್ಲ.

ಇಟಲಿಯ ನೇಪಲ್ಸ್ ಹತ್ತಿರದ ಪೊಝುವೋಲಿ ಪಟ್ಟಣವೂ ಇದನ್ನೇ ಹೇಳುತ್ತದೆ. ಅಲ್ಲಿನ ರೋಮನ್ ಕಾಲದ ಕಂಬಗಳಲ್ಲಿ, ಆಳೆತ್ತರಕ್ಕಿಂತ ಮೇಲೆ, ಸಮುದ್ರದ ಚಿಪ್ಪುಜೀವಿಗಳು ಕೊರೆದ ತೂತುಗಳಿವೆ. ಅಂದರೆ ಆ ಕಂಬಗಳು ಒಮ್ಮೆ ಸಮುದ್ರಕ್ಕೆ ಮುಳುಗಿ ಮತ್ತೆ ಮೇಲೆದ್ದಿವೆ, ಬೀಳದೆ! 1982ರಿಂದ 1984ರ ನಡುವೆ ಆ ಊರಿನ ನೆಲ ಸುಮಾರು 1.8 ಮೀಟರ್ ಏರಿತು. ಸ್ಫೋಟವಾಗಲಿಲ್ಲ. ಆದ್ದರಿಂದ ಉಬ್ಬಿದ್ದೆಲ್ಲ ಸ್ಫೋಟಿಸುತ್ತದೆ ಎಂದು ಹೇಳುವಂತಿಲ್ಲ. ಉಬ್ಬು ಒಂದು ಎಚ್ಚರಿಕೆ, ಭವಿಷ್ಯವಾಣಿ ಅಲ್ಲ. 2025ರ ನವೆಂಬರ್ 23ರಂದು ಇಥಿಯೋಪಿಯಾದ ಹೈಲಿ ಗುಬ್ಬಿ ಸ್ಫೋಟಿಸಿ, ಅದರ ಬೂದಿ ಯೆಮನ್, ಓಮನ್ ದಾಟಿ ಭಾರತದ ಆಕಾಶಕ್ಕೂ ಬಂದು ವಿಮಾನಗಳು ರದ್ದಾದದ್ದನ್ನು ನೆನೆದರೆ, ಇಂಥ ಎಚ್ಚರಿಕೆಯ ಬೆಲೆ ನಮ್ಮಂಥವರಿಗೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಮಿಲಿಮೀಟರ್ ಅಳೆಯುವುದು ಹೇಗೆ?

ಮೊದಲನೆಯ ಸಾಧನ ಜಿಪಿಎಸ್. ನಮ್ಮ ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ತಪ್ಪುತ್ತದೆ. ಆದರೆ ಗಟ್ಟಿ ಬಂಡೆಯ ಮೇಲೆ ಒಳ್ಳೆಯ ಆಂಟೆನಾ ನೆಟ್ಟು, ಹಗಲು ರಾತ್ರಿ ವರ್ಷಗಟ್ಟಲೆ ದಾಖಲಿಸಿ ಸರಾಸರಿ ತೆಗೆದರೆ ವರ್ಷಕ್ಕೆ ಒಂದೆರಡು ಮಿಲಿಮೀಟರ್ ಚಲನೆಯೂ ಸಿಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ 1990ರ ದಶಕದಿಂದ ಇಂಥ ಕೇಂದ್ರವಿದೆ.

ಎರಡನೆಯದು ರಾಡಾರ್ ಉಪಗ್ರಹ. ನಾವು ಸಾಫ್ಟ್‌ವೇರಿನವರು ಒಂದೇ ಪ್ರೋಗ್ರಾಮಿನ ಹಳೆಯ ಪ್ರತಿ, ಹೊಸ ಪ್ರತಿ ಎರಡನ್ನೂ ಇಟ್ಟು ಎಲ್ಲಿ ಬದಲಾಗಿದೆ ಎಂದು ನೋಡುತ್ತೇವಲ್ಲ, ಇದೂ ಅದೇ. ಉಪಗ್ರಹ ಒಂದು ಜಾಗದ ಮೇಲೆ ಹಾದುಹೋಗುವಾಗ ರೇಡಿಯೋ ಅಲೆ ಕಳಿಸಿ ಪ್ರತಿಧ್ವನಿ ಕೇಳಿಸಿಕೊಳ್ಳುತ್ತದೆ. ಕೆಲವು ದಿನಗಳ ನಂತರ ಅದೇ ದಾರಿಯಲ್ಲಿ ಬಂದು ಮತ್ತೆ ಕೇಳಿಸಿಕೊಳ್ಳುತ್ತದೆ. ನಡುವೆ ನೆಲ ಸ್ವಲ್ಪ ಏರಿದ್ದರೆ ಪ್ರತಿಧ್ವನಿ ಸ್ವಲ್ಪ ಬೇಗ ಬರುತ್ತದೆ.

ಆದರೆ ಇಲ್ಲೊಂದು ತೊಡಕಿದೆ. ಈ ಲೆಕ್ಕದಲ್ಲಿ ನಮಗೆ ಕಾಣುವುದು ಗಡಿಯಾರದ ನಿಮಿಷದ ಮುಳ್ಳು ಮಾತ್ರ, ಗಂಟೆಯ ಮುಳ್ಳು ಕಾಣುವುದಿಲ್ಲ. ಅಲೆ ತನ್ನ ಸುತ್ತಿನ ಯಾವ ಭಾಗದಲ್ಲಿದೆ ಎಂದು ತಿಳಿಯುತ್ತದೆ, ಎಷ್ಟು ಪೂರ್ತಿ ಸುತ್ತು ಆಗಿದೆ ಎಂದು ತಿಳಿಯುವುದಿಲ್ಲ. ಅದಕ್ಕೇ ಚಿತ್ರದಲ್ಲಿ ಪ್ರತಿ ಸುತ್ತಿಗೂ ಒಂದು ಪೂರ್ತಿ ಬಣ್ಣದ ಪಟ್ಟಿ, ಕೆಂಪಿನಿಂದ ನೀಲಿಯವರೆಗೆ, ಹಾಕುತ್ತಾರೆ. ಏನೂ ಅಲುಗದ ದೂರದ ಜಾಗದಿಂದ ಶುರುಮಾಡಿ ಪಟ್ಟಿಗಳನ್ನು ಎಣಿಸುತ್ತಾ ಬಂದರೆ ಒಟ್ಟು ಎಷ್ಟು ಸರಿದಿದೆ ಎಂದು ಸಿಗುತ್ತದೆ. ಅಲೆ ಹೋಗಿ ಬರಬೇಕಾದ್ದರಿಂದ ಒಂದು ಪಟ್ಟಿ ಎಂದರೆ ತರಂಗಾಂತರದ ಅರ್ಧ. 5.6 ಸೆಂ.ಮೀ. ತರಂಗಾಂತರವಾದರೆ ಒಂದು ಪಟ್ಟಿಗೆ 2.8 ಸೆಂ.ಮೀ. 1992ರ ಕ್ಯಾಲಿಫೋರ್ನಿಯಾದ ಲ್ಯಾಂಡರ್ಸ್ ಭೂಕಂಪದ ಇಂಥ ಚಿತ್ರ 1993ರಲ್ಲಿ ಪ್ರಕಟವಾದಾಗ ವಿಜ್ಞಾನಿಗಳೇ ಬೆರಗಾದರು. ಇಡೀ ಪ್ರದೇಶದ ವಿರೂಪ ಒಂದೇ ಚಿತ್ರದಲ್ಲಿ ಕಂಡಿತ್ತು!

ಈ ವಿಧಾನಕ್ಕೆ ನಮ್ಮ ಸುತ್ತಲಿನ ಮರುಭೂಮಿ ಹೇಳಿ ಮಾಡಿಸಿದ ಜಾಗ. ಗಿಡಮರಗಳಿಲ್ಲ, ಮಳೆ ಅಪರೂಪ, ಹಾಗಾಗಿ ಎರಡೂ ಚಿತ್ರಗಳು ಚೆನ್ನಾಗಿ ಹೊಂದುತ್ತವೆ. 2003ರ ಡಿಸೆಂಬರ್ 26ರಂದು ಇರಾನಿನ ಬಾಮ್ ನಗರದಲ್ಲಿ 6.6 ಪ್ರಮಾಣದ ಭೂಕಂಪವಾಗಿ 26,000ಕ್ಕೂ ಹೆಚ್ಚು ಜನ ಸತ್ತರು, ಪುರಾತನ ಮಣ್ಣಿನ ಕೋಟೆ ಪುಡಿಯಾಯಿತು. ಊರಿನ ಪಕ್ಕದಲ್ಲಿ ಎಲ್ಲರಿಗೂ ಗೊತ್ತಿದ್ದ ಒಂದು ಸ್ತರಭಂಗ ಇತ್ತು, ಅದೇ ಜಾರಿದೆ ಎಂದು ಮೊದಲು ಭಾವಿಸಲಾಗಿತ್ತು. ಯುರೋಪಿನ ಎನ್ವಿಸ್ಯಾಟ್ ಉಪಗ್ರಹದ ಚಿತ್ರ ಬೇರೆಯದನ್ನೇ ಹೇಳಿತು. ಜಾರಿದ್ದು ಅದರ ಪಶ್ಚಿಮಕ್ಕೆ ಕೆಲವು ಕಿ.ಮೀ. ದೂರದಲ್ಲಿ ಅಡಗಿದ್ದ, ಅದುವರೆಗೆ ಯಾರಿಗೂ ಗೊತ್ತೇ ಇರದ ಇನ್ನೊಂದು ಸ್ತರಭಂಗ. ನೆಲದ ಮೇಲೆ ಕಂಡದ್ದು ಸಣ್ಣ ಬಿರುಕುಗಳು ಮಾತ್ರ, ಆಳದಲ್ಲಿ ಜಾರಿದ್ದು 2 ಮೀಟರಿಗೂ ಹೆಚ್ಚು.

ನಮ್ಮ ಮಲೆನಾಡಿನಂಥ ಹಸಿರು ಜಾಗದಲ್ಲಿ ಈ ಸಣ್ಣ ಅಲೆ ಎಲೆಗಳಿಗೇ ತಾಗಿ ಹಿಂದಿರುಗುತ್ತದೆ. ಎಲೆ ಗಾಳಿಗೆ ಅಲುಗಿದರೂ ಲೆಕ್ಕ ಕೆಡುತ್ತದೆ. ಅದಕ್ಕೆ ಉದ್ದನೆಯ ಅಲೆ ಬೇಕು. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್ ಉಪಗ್ರಹ ಇಂಥದ್ದು. ನಾಸಾ ಮತ್ತು ಇಸ್ರೋ ಸೇರಿ ಮಾಡಿದ ಇದರಲ್ಲಿ ಎರಡು ರಾಡಾರ್‌ಗಳಿವೆ. ನಾಸಾದ ರಾಡಾರಿನ ಅಲೆ ಸುಮಾರು 24 ಸೆಂ.ಮೀ. ಉದ್ದ, ಇಸ್ರೋದ್ದು ಸುಮಾರು 9 ಸೆಂ.ಮೀ. ಆಂಟೆನಾದ ಅಗಲ 12 ಮೀಟರ್. ಪ್ರತಿ 12 ದಿನಕ್ಕೊಮ್ಮೆ ಅದೇ ದಾರಿಗೆ ಬರುತ್ತದೆ. ಅಂದ ಹಾಗೆ, ಅಮೆರಿಕದಿಂದ ಬಂದ ಭಾಗಗಳನ್ನು ನಮ್ಮವರ ಭಾಗಗಳ ಜೊತೆ ಜೋಡಿಸಿದ್ದು ನಮ್ಮ ಬೆಂಗಳೂರಿನಲ್ಲೇ ಎಂಬುದನ್ನು ಮಕ್ಕಳಿಗೆ ಹೇಳಲು ಮರೆಯಬೇಡಿ.

ಕರ್ನಾಟಕದ ನೆಲ ಗಟ್ಟಿಯೇ?

ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಸರಪಳಿ ಹಿಡಿದು ಆಧಾರ ರೇಖೆ ಅಳೆದ. ಮುಂದೆ ಬ್ರಿಟಿಷ್ ಸರ್ವೆಯವರು ದಕ್ಷಿಣ ಭಾರತದ ಬೆಟ್ಟಗಳ ತುದಿಯಲ್ಲಿ ಗುರುತು ಕೆತ್ತಿ, ಅವುಗಳ ನಡುವಿನ ದೂರ, ಕೋನಗಳನ್ನು ಬಹಳ ಶ್ರದ್ಧೆಯಿಂದ ದಾಖಲಿಸಿದರು. 1994ರಲ್ಲಿ ಬೆಂಗಳೂರಿನ ಸಿ-ಮ್ಯಾಕ್ಸ್ ಸಂಸ್ಥೆಯ ವಿನೋದ್ ಗೌರ್ ಮತ್ತು ಸಂಗಡಿಗರು, ಅಮೆರಿಕದ ರೋಜರ್ ಬಿಲ್ಹ್ಯಾಮ್ ಮೊದಲಾದವರ ಜೊತೆ ಸೇರಿ, 1860ರ ದಶಕದಷ್ಟು ಹಳೆಯ ಗುರುತುಗಳನ್ನು ಜಿಪಿಎಸ್‌ನಿಂದ ಮತ್ತೆ ಅಳೆದರು. ಸುಮಾರು 130 ವರ್ಷಗಳಲ್ಲಿ ದಕ್ಷಿಣ ಭಾರತದ ನೆಲದಲ್ಲಿ ಹೇಳಿಕೊಳ್ಳುವಂಥ ವಿರೂಪ ಕಾಣಲಿಲ್ಲ. ಫಲಕ ಇಡಿಯಾಗಿ ಚಲಿಸುತ್ತಿದೆ, ಆದರೆ ಒಳಗೆ ಬಾಗುತ್ತಿಲ್ಲ.

ಕೇಳಲು ಸಮಾಧಾನ. ಆದರೆ ಅದರ ಹಿಂದಿನ ವರ್ಷವೇ, 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ, ಗಣೇಶನನ್ನು ಬಿಟ್ಟು ಬಂದು ಜನ ಮಲಗಿದ್ದಾಗ, ಲಾತೂರಿನ ಕಿಲ್ಲಾರಿ ನಡುಗಿತು. ನಮ್ಮ ಬೀದರ್, ಗುಲ್ಬರ್ಗಾದವರೂ ಎದ್ದು ಹೊರಗೆ ಓಡಿದರು. ಪ್ರಮಾಣ 6.2 ಮಾತ್ರ, ಸತ್ತವರು ಸುಮಾರು 10,000. ಆಗಿನ ಭೂಕಂಪ ನಕ್ಷೆಯಲ್ಲಿ ಆ ಊರು ಇದ್ದದ್ದು ಅತಿ ಕಡಿಮೆ ಅಪಾಯದ ಮೊದಲ ವಲಯದಲ್ಲಿ!

ಇದು ಹೇಗೆ? ಬಿದಿರು ಕಡ್ಡಿಗೆ ಮರಳಿ ಬನ್ನಿ. ವೇಗವಾಗಿ ಬಗ್ಗಿಸಿದರೆ ಬೇಗ ಮುರಿಯುತ್ತದೆ. ಅತಿ ನಿಧಾನವಾಗಿ ಬಗ್ಗಿಸಿದರೆ ಮುರಿಯಲು ಸಾವಿರಾರು ವರ್ಷ ಬೇಕಾಗಬಹುದು, ಆದರೆ ಎಂದಾದರೊಂದು ದಿನ ಮುರಿಯುತ್ತದೆ. ನಮ್ಮ ಅಳತೆಗೆ ಸಿಗದಷ್ಟು ನಿಧಾನ ಎಂದರೆ ಶೂನ್ಯ ಎಂದರ್ಥವಲ್ಲ. ಕತಾರಿನ ಬಗ್ಗೆ ಬಾಕಿ ಇದ್ದ ಅರ್ಧ ಉತ್ತರವೂ ಇದೇ. ಫಲಕದ ಒಳಗೆ ಇರುವವರಿಗೆ ಅಪಾಯ ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ.

ಎರಡನೇ ಪ್ರಶ್ನೆಗೆ ಉತ್ತರ: ಯಾವ ದಿನ, ಯಾವ ಗಂಟೆ ಎಂದು ಯಾವ ಉಪಗ್ರಹವೂ ಹೇಳಲಾರದು. ಎಲ್ಲಿ ಬಾಗುತ್ತಿದೆ, ಎಷ್ಟು ಬಾಗಿದೆ ಎಂದು ಹೇಳಬಲ್ಲದು. ವಾಟ್ಸಾಪಿನಲ್ಲಿ ನಾಳೆ ಇಷ್ಟು ಗಂಟೆಗೆ ಭೂಕಂಪ ಎಂದು ಬಂದರೆ ಅದನ್ನು ಮುಂದಕ್ಕೆ ಕಳಿಸದೆ ಅಳಿಸಿಬಿಡಿ.

ನಾವು ಮಾಡಬಹುದಾದ್ದು

ಕಿಲ್ಲಾರಿಯಲ್ಲಿ ಹೆಚ್ಚಿನ ಜನರನ್ನು ಕೊಂದದ್ದು ಮಣ್ಣು ಮೆತ್ತಿದ ದಪ್ಪ ಕಲ್ಲಿನ ಗೋಡೆಗಳು. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ, 200 ಕಿ.ಮೀ.ಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿ, ಕೆಳಗೆ ಗೋಡೆಯಿಲ್ಲದೆ ಬರೀ ಕಂಬಗಳ ಮೇಲೆ ನಿಂತ ಪಾರ್ಕಿಂಗ್ ಇದ್ದ ಅಪಾರ್ಟ್‌ಮೆಂಟ್‌ಗಳು ಕುಸಿದವು. ಇದನ್ನು ಓದುತ್ತಿರುವ ನಮ್ಮಲ್ಲಿ ಬಹಳ ಜನ ಇಲ್ಲಿ ದುಡಿದ ಹಣದಿಂದ ಊರಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ ಅಥವಾ ಬೆಂಗಳೂರಿನಲ್ಲಿ ಫ್ಲಾಟ್ ಕೊಳ್ಳುತ್ತಿದ್ದೇವೆ. ಅಪ್ಪ ಅಮ್ಮ ಅದರಲ್ಲಿ ಮಲಗುತ್ತಾರೆ. ಗ್ರಾನೈಟ್ ಯಾವುದು, ಬಾಗಿಲು ತೇಗದ್ದೋ ಎಂದು ಫೋನಿನಲ್ಲಿ ಗಂಟೆಗಟ್ಟಲೆ ವಿಚಾರಿಸುವ ನಾವು ಇನ್ನೂ ಮೂರು ಪ್ರಶ್ನೆ ಕೇಳೋಣ.

1. ವಿನ್ಯಾಸ ಭಾರತೀಯ ಮಾನಕ 1893 ಮತ್ತು 13920ರ ಪ್ರಕಾರ ಆಗಿದೆಯೇ?
2. ಇಟ್ಟಿಗೆ ಅಥವಾ ಕಲ್ಲಿನ ಮನೆಯಾದರೆ ಕಿಟಕಿ ಬಾಗಿಲ ಮೇಲೆ ಸುತ್ತಲೂ ಒಂದೇ ಕಾಂಕ್ರೀಟ್ ಪಟ್ಟಿ ಇದೆಯೇ?
3. ಕೆಳಗೆ ಬರೀ ಕಂಬಗಳಿದ್ದರೆ, ಅವುಗಳ ಬಲವನ್ನು ಅದಕ್ಕೆ ತಕ್ಕಂತೆ ಲೆಕ್ಕ ಹಾಕಿದ್ದಾರೆಯೇ?

ಇಲ್ಲಿ ದೋಹಾದಲ್ಲಿ ಕಟ್ಟಡ ತೂಗಿದರೆ ಲಿಫ್ಟ್ ಹತ್ತಬೇಡಿ, ಗಾಜಿನ ಗೋಡೆಯಿಂದ ದೂರ ಸರಿಯಿರಿ, ಗಟ್ಟಿ ಮೇಜಿನಡಿ ಕುಳಿತು ತಲೆ ಕಾಪಾಡಿಕೊಳ್ಳಿ, ಅಲುಗಾಟ ನಿಂತ ಮೇಲೆ ಮೆಟ್ಟಿಲಿಳಿಯಿರಿ. ದೂರದ ದೊಡ್ಡ ಭೂಕಂಪದ ನಿಧಾನ ಅಲೆಗಳು ಎತ್ತರದ ಕಟ್ಟಡವನ್ನೇ ಹೆಚ್ಚು ತೂಗುತ್ತವೆ. ಹಾಗಾಗಿ ನಿಮ್ಮ 20ನೇ ಮಹಡಿಯಲ್ಲಿ ದೀಪ ತೂಗಿದಾಗ ಕೆಳಗಿನ ವಿಲ್ಲಾದವರಿಗೆ ಏನೂ ತಿಳಿಯದಿದ್ದರೆ ಆಶ್ಚರ್ಯ ಬೇಡ.

ಮಕ್ಕಳಿಗೆ ಕೆಲಸ

ಪ್ರಯೋಗ: ಒಂದು ಟ್ರೇಯಲ್ಲಿ ಊದದ ಬಲೂನು ಇಟ್ಟು, ಬಾಯಿ ಹೊರಗೆ ಬರುವಂತೆ ಮೇಲೆ ಎರಡು ಇಂಚು ಮರಳು ಹಾಕಿ ಸಮ ಮಾಡಿ. ಬೆರಳಿನಿಂದ ಚೌಕಗಳ ಗೆರೆ ಎಳೆಯಿರಿ. ನಿಧಾನವಾಗಿ ಊದಿ. ಯಾವ ಗೆರೆ ಮೊದಲು ಬಾಗಿತು, ಬಿರುಕು ಎಲ್ಲಿ ಬಂತು, ಗಾಳಿ ಬಿಟ್ಟಾಗ ಮರಳು ಪೂರ್ತಿ ಮೊದಲಿನಂತಾಯಿತೇ, ಬರೆದಿಡಿ.

ಲೆಕ್ಕ 1: ಎರಡು ಫಲಕಗಳು ವರ್ಷಕ್ಕೆ 2 ಸೆಂ.ಮೀ. ಒತ್ತುತ್ತಿವೆ. ನಡುವಿನ ಸ್ತರಭಂಗ 150 ವರ್ಷ ಸಿಕ್ಕಿಹಾಕಿಕೊಂಡಿದೆ. ಅದೊಂದೇ ಎಲ್ಲವನ್ನೂ ಹೊತ್ತಿದ್ದರೆ, ಒಮ್ಮೆಗೇ ಎಷ್ಟು ಜಾರಬಹುದು?

ಲೆಕ್ಕ 2: 5.6 ಸೆಂ.ಮೀ. ತರಂಗಾಂತರದ ರಾಡಾರ್ ಚಿತ್ರದಲ್ಲಿ 10 ಬಣ್ಣದ ಪಟ್ಟಿಗಳಿವೆ. ನೆಲ ಉಪಗ್ರಹದ ಕಡೆಗೆ ಎಷ್ಟು ಸರಿದಿದೆ?

ಲೆಕ್ಕ 3: ಅದೇ ಚಲನೆಯನ್ನು ನಿಸಾರ್‌ನ 24 ಸೆಂ.ಮೀ. ಅಲೆಯಿಂದ ನೋಡಿದರೆ ಎಷ್ಟು ಪಟ್ಟಿ ಕಾಣುತ್ತದೆ?

ಉತ್ತರಗಳು: 1) 3 ಮೀಟರ್. 2) 28 ಸೆಂ.ಮೀ. 3) ಎರಡು ಪೂರ್ತಿ ಪಟ್ಟಿ ಮತ್ತು ಮೂರನೆಯದರ ಮೂರನೇ ಒಂದು ಭಾಗ.

ಮೂರನ್ನೂ ಅಪ್ಪ ಅಮ್ಮನ ಸಹಾಯವಿಲ್ಲದೆ ಮಾಡಿದ ಮಕ್ಕಳಿಗೆ ಶಭಾಷ್! ಅಪ್ಪ ಅಮ್ಮ ಮಕ್ಕಳ ಸಹಾಯದಿಂದ ಮಾಡಿದ್ದರೆ ಅದಕ್ಕೂ ಶಭಾಷ್. ಮತ್ತೆ ಮುಂದಿನ ಪಾಠದಲ್ಲಿ ಸಿಗೋಣ.